ಓವರ್‌ಡ್ರೈವ್ ಎಂದರೆ ಬರೀ ಇನ್ನೊಂದು ಗೇರ್ ಅಲ್ಲ

ಹಳೆಯ ಪಿಕಪ್‌ಗಳ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ, 1955ರ ಷೆವ್ರೊಲೆಟ್ ಅರ್ಧ ಟನ್ ಪಿಕಪ್‌ಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್ ಘಟಕ) ‘ಪೆಟ್ರೋಲ್ ಉಳಿಸುವ ನಾಲ್ಕನೇ ಗೇರ್ ಅಷ್ಟೇ’ ಎಂದು ಲೇಖಕರು ಬರೆದಿದ್ದಾರೆ. ಇದನ್ನು ಖಂಡಿತ ಒಪ್ಪಲಾರೆ. ಮೂರು ಗೇರಿನ ಪೆಟ್ಟಿಗೆಯ ಹಿಂದೆ ಕೂರುವ ಬೋರ್ಗ್-ವಾರ್ನರ್ ಕಂಪನಿಯ ಆ ಘಟಕ ಎರಡನೇ ಗೇರಿನಲ್ಲೂ ಕೆಲಸ ಮಾಡುತ್ತದೆ. ಅದರ ಅನುಪಾತ 0.70, ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಬೇಕಾದ ವೇಗದಲ್ಲಿ 2100 ಸಾಕು. ಗಂಟೆಗೆ ಸುಮಾರು 45 ಕಿ.ಮೀ. ದಾಟಿದ ಮೇಲೆ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಸೊಲೆನಾಯ್ಡ್ (ವಿದ್ಯುತ್ತಿನಿಂದ ಚಲಿಸುವ ಸಣ್ಣ ಸಾಧನ) ತಾನೇ ಓವರ್‌ಡ್ರೈವ್‌ನ ಕೊಂಡಿ ಹಾಕುತ್ತದೆ. ಪೆಡಲನ್ನು ಪೂರ್ತಿ ತುಳಿದರೆ ಕ್ಷಣಕಾಲ ಇಗ್ನಿಷನ್ (ಎಂಜಿನ್ನಿನ ಕಿಡಿ) ಕಡಿದು, ಗೇರುಗಳ ಮೇಲಿನ ಭಾರ ಇಳಿಸಿ, ಕೊಂಡಿ ಬಿಡಿಸುತ್ತದೆ. 1950ರ ದಶಕದಲ್ಲಿ ಎಷ್ಟು ಚೆಂದದ ಯೋಚನೆ!

ಲೇಖನ ಬಿಟ್ಟಿರುವ ಮುಖ್ಯ ಮಾತು ಫ್ರೀವೀಲಿಂಗ್, ಅಂದರೆ ಚಕ್ರ ಎಂಜಿನ್ನಿನ ಹಿಡಿತವಿಲ್ಲದೆ ಉರುಳುವುದು. ಓವರ್‌ಡ್ರೈವನ್ನು ಚಾಲೂ-ಬಂದ್ ಮಾಡುವ, ಡ್ಯಾಶ್‌ಬೋರ್ಡ್ ಕೆಳಗಿನ ಗುಬುಟು ಒಳಗಿದ್ದು (ಅಂದರೆ ಚಾಲೂ ಇದ್ದು), ವೇಗ ಆ 45 ಕಿ.ಮೀ. ಮಿತಿಗಿಂತ ಕೆಳಗಿದ್ದಾಗ, ಚಕ್ರ ಎಂಜಿನ್ನನ್ನು ತಿರುಗಿಸುವುದೇ ಇಲ್ಲ. ಅಂದರೆ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ (ಎಂಜಿನ್ನಿನ ತಡೆಯಿಂದ ಗಾಡಿಯ ವೇಗ ತಗ್ಗುವುದು) ಶೂನ್ಯ. ಹಿಂದೆ ಸಾಮಾನು ತುಂಬಿ, ಬರೀ ಡ್ರಮ್ ಬ್ರೇಕ್ ನಂಬಿ ಘಾಟಿ ಇಳಿಯುವುದು ಅಪಾಯ. ಇಳಿಯುವ ಮೊದಲೇ ಗುಬುಟನ್ನು ಹೊರಗೆಳೆದು ಓವರ್‌ಡ್ರೈವ್ ಬಂದ್ ಮಾಡಬೇಕು. ಎಳೆಯುವಾಗ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟಿರಬೇಕು, ಇಲ್ಲದಿದ್ದರೆ ಒಳಗಿನ ಹಲ್ಲುಗಳು ಕಿರುಗುಟ್ಟುತ್ತವೆ. ನಿಲ್ಲಿಸುವಾಗಲೂ ಅಷ್ಟೇ: ಗುಬುಟು ಒಳಗಿದ್ದರೆ, ಮೊದಲ ಗೇರಿನಲ್ಲಿ ಬಿಟ್ಟ ಗಾಡಿಯೂ ಇಳಿಜಾರಿನಲ್ಲಿ ಮುಂದಕ್ಕೆ ಉರುಳುತ್ತದೆ. ಹಳೆಯ ಪಿಕಪ್ ಕೊಳ್ಳಲು ಹೊರಟವರು ಓದುವ ಲೇಖನದಲ್ಲಿ ಇದು ಇರಲೇಬೇಕು. ದಯವಿಟ್ಟು ಸೇರಿಸಿ.