ಹೊಸ ಮಾನಿಟರಿಂಗ್ ಕೊಳ್ಳುವ ಮುಂಚೆ, ಇರುವುದನ್ನು ಹುಡುಕಿ

ನಾನು ಆಗಷ್ಟೇ ಸೇರಿದ್ದ ಕಂಪನಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಬಿಲ್ಲಿಂಗ್ ಸರ್ವರ್ ನಿಂತುಹೋಯಿತು. ಡಿಸ್ಕ್ ತುಂಬಿತ್ತು. ಬೆಳಗಿನ ತನಕ ಕೂತು ಸರಿಮಾಡಿದೆವು. ಆಮೇಲೆ ಮೇಲ್ ಲಾಗ್ ನೋಡಿದರೆ ಎದೆ ಧಸಕ್ ಅಂತು. ಡಿಸ್ಕ್ ತುಂಬುತ್ತಿದೆ ಅಂತ ಹನ್ನೊಂದು ದಿನದಿಂದ ಅಲರ್ಟ್ ಹೋಗುತ್ತಲೇ ಇತ್ತು. ಬೇರೆ ಮಷೀನುಗಳ ಮೇಲೆ ಕಣ್ಣಿಟ್ಟು ಎಚ್ಚರಿಸುವ ನಾಗಿಯೋಸ್ ಅನ್ನುವ ಪ್ರೋಗ್ರಾಮಿನ ಹಳೆಯ ಸರ್ವರ್ ಒಂದು ತನ್ನ ಕೆಲಸ ಸರಿಯಾಗಿ ಮಾಡಿತ್ತು. ಆದರೆ ಆ ಮೇಲ್‌ಗಳೆಲ್ಲ ಹೋಗಿದ್ದು ಯಾವಾಗಲೋ ಕೆಲಸ ಬಿಟ್ಟವರ ಮೇಲ್‌ಬಾಕ್ಸಿಗೆ. ಅಂಥದ್ದೊಂದು ಸರ್ವರ್ ನಮ್ಮಲ್ಲಿ ಇದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ನನಗೆ ಕೊಟ್ಟ ಹ್ಯಾಂಡೋವರ್ ಶೀಟಿನಲ್ಲೂ ಅದರ ಹೆಸರಿರಲಿಲ್ಲ.

ಮರುದಿನ ಮೀಟಿಂಗಿನಲ್ಲಿ ಬಂದ ಮೊದಲ ಮಾತು, ಹೊಸ ಮಾನಿಟರಿಂಗ್ ಟೂಲ್ ಕೊಳ್ಳೋಣ ಅಂತ. ನಾನು ಬೇಡ ಅಂದೆ. ಈಗಲೂ ಅದನ್ನೇ ಹೇಳುತ್ತೇನೆ. ನಿಮ್ಮ ನೆಟ್‌ವರ್ಕಿನಲ್ಲಿ ಈಗಾಗಲೇ ಏನೇನು ಕಾವಲು ಕೂತಿದೆ ಅಂತ ಮೊದಲು ಹುಡುಕಿ. ದುಡ್ಡು ಖರ್ಚಾಗುವುದಿಲ್ಲ. ಟರ್ಮಿನಲ್ ತೆರೆದು ಎನ್‌ಮ್ಯಾಪ್ ಓಡಿಸಿದರೆ ಸಾಕು.

ಎನ್‌ಮ್ಯಾಪ್ ಹೊಸದೇನಲ್ಲ. 1997ರಲ್ಲಿ ಗಾರ್ಡನ್ ಲಯನ್ ಫ್ರಾಕ್ ಪತ್ರಿಕೆಯಲ್ಲಿ ಇದರ ಕೋಡ್ ಪ್ರಕಟಿಸಿದರು. ಒಂದು ಮಷೀನಿನ ಪೋರ್ಟುಗಳನ್ನು, ಅಂದರೆ ಪ್ರೋಗ್ರಾಮುಗಳು ಕಿವಿಗೊಟ್ಟು ಕೂರುವ ನಂಬರ್ ಹಾಕಿದ ಬಾಗಿಲುಗಳನ್ನು, ತಟ್ಟಿ ನೋಡಿ, ಯಾವುದು ತೆರೆದಿದೆ ಅಂತ ಹೇಳುವುದು ಇದರ ಕೆಲಸ. ಸುಮ್ನೆ ಓಡಿಸಿದರೆ ಜಾಸ್ತಿ ಬಳಕೆಯಲ್ಲಿರುವ 1000 ಟಿಸಿಪಿ (ಮೊದಲು ಸಂಪರ್ಕ ಕುದುರಿಸಿಕೊಂಡು ಮಾತಾಡುವ ವಿಧಾನ) ಪೋರ್ಟುಗಳನ್ನಷ್ಟೇ ನೋಡುತ್ತದೆ. ಹಾಗಾಗಿ ಮಾನಿಟರಿಂಗ್ ಹುಡುಕುವಾಗ ಪೋರ್ಟ್ ನಂಬರ್ ನಾವೇ ಕೊಡಬೇಕು. ಯಾರೂ ಬದಲಾಯಿಸದೆ ಬಿಟ್ಟಿದ್ದರೆ ಮಷೀನುಗಳ ಅಳತೆ ಕೂಡಿಡುವ ಪ್ರೊಮೀಥಿಯಸ್ 9090ರಲ್ಲಿ, ಅವನ್ನು ಗ್ರಾಫ್ ಮಾಡಿ ತೋರಿಸುವ ಗ್ರಾಫಾನಾ 3000ದಲ್ಲಿ, ಮಷೀನಿನಲ್ಲೇ ಕೂತು ವರದಿ ಕೊಡುವ ಜ್ಯಾಬಿಕ್ಸ್ ಏಜೆಂಟ್ 10050ರಲ್ಲಿ, ಅದೇ ಥರದ ಕೆಲಸ ಮಾಡುವ ನಾಗಿಯೋಸಿನ ಎನ್‌ಆರ್‌ಪಿಇ 5666ರಲ್ಲಿ ಸಿಗುತ್ತವೆ.

ನಮ್ಮ ಸರ್ವರ್‌ಗಳ ಮೇಲೆ ಇದನ್ನು ಓಡಿಸಿದಾಗ ನನ್ನ ಜೊತೆ ಹುಬ್ಬಳ್ಳಿಯ ಹೊಸ ಹುಡುಗ ಕೂತಿದ್ದ. ಪರದೆ ನೋಡಿ, ‘ಮೇಡಂ, ಸರ್ವರ್ ರೂಮಿನ್ಯಾಗ ಇಷ್ಟು ಪ್ರಿಂಟರ್ ಯಾರು ಇಟ್ಟಾರ್ರಿ?’ ಅಂದ. ಒಳ್ಳೆಯ ಪ್ರಶ್ನೆ. 9100 ತೆರೆದಿದ್ದ ಮಷೀನಿಗೆಲ್ಲ ಎನ್‌ಮ್ಯಾಪ್ ‘ಜೆಟ್‌ಡೈರೆಕ್ಟ್’ ಅಂತ ಹೆಸರು ಕೊಟ್ಟಿತ್ತು. ಅದು ಎಚ್‌ಪಿ ಪ್ರಿಂಟರ್‌ಗಳ ಹಳೆಯ ಪೋರ್ಟ್. ಪ್ರೊಮೀಥಿಯಸ್‌ಗೆ ಲೆಕ್ಕ ಒಪ್ಪಿಸುವ ನೋಡ್ ಎಕ್ಸ್‌ಪೋರ್ಟರ್ ಕೂತುಕೊಳ್ಳುವುದೂ ಅದೇ 9100ರಲ್ಲಿ.

ಪೋರ್ಟಿನ ಹಿಂದೆ ಯಾವ ಪ್ರೋಗ್ರಾಮ್ ಇದೆ ಅಂತ ಕೇಳಿ ನೋಡುವ ‘ವರ್ಷನ್ ಪತ್ತೆ’ ಆಯ್ಕೆ ಹಾಕಿದ್ದರೂ ಎನ್‌ಮ್ಯಾಪ್ ಯಾಕೆ ಗುರುತಿಸಲಿಲ್ಲ? ಆ ಪೋರ್ಟಿಗೆ ಏನೇ ಕಳಿಸಿದರೂ ಕೆಲವು ಪ್ರಿಂಟರ್‌ಗಳು ಅದನ್ನು ಕಾಗದದ ಮೇಲೆ ಅಚ್ಚು ಹಾಕಿಬಿಡುತ್ತವೆ. ಪುಟಗಟ್ಟಲೆ ಕಾಗದ ಹಾಳಾಗುತ್ತದೆ. ಅದಕ್ಕೇ ವರ್ಷನ್ ಪತ್ತೆಯ ಹೊತ್ತಿಗೆ ಎನ್‌ಮ್ಯಾಪ್ 9100ನ್ನು ಬೇಕೆಂದೇ ಬಿಟ್ಟು ಮುಂದೆ ಹೋಗುತ್ತದೆ. ಎಲ್ಲ ಪೋರ್ಟೂ ನೋಡು ಅಂತ ಬೇರೆ ಆಯ್ಕೆ ಕೊಟ್ಟರೆ ಮಾತ್ರ ಕೇಳುತ್ತದೆ. ಬರೆದವರು ಎಷ್ಟು ಯೋಚನೆ ಮಾಡಿದ್ದಾರೆ, ಅಲ್ವಾ? ಆದರೆ ಇದು ಗೊತ್ತಿಲ್ಲದವರು ಪ್ರಿಂಟರ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹುಡುಗನಿಗೆ ಬ್ರೌಸರಿನಲ್ಲಿ ಆ ಮಷೀನಿನ ಐಪಿ (ನೆಟ್‌ವರ್ಕ್ ವಿಳಾಸ), 9100, ಮೆಟ್ರಿಕ್ಸ್ ಪುಟ ತೆರೆಯಲು ಹೇಳಿದೆ. ಪಾಸ್‌ವರ್ಡ್ ಕೇಳಲಿಲ್ಲ. ಮಷೀನಿನ ಹೆಸರು, ಕರ್ನಲ್ ವರ್ಷನ್, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಿದೆ, ಎಲ್ಲ ಸಾಲಾಗಿ ಬಂತು.

ನನ್ನ ದೊಡ್ಡ ಚಿಂತೆ ಇದೇ. ಮಷೀನಿನ ಒಳಗಿನ ವಿಷಯ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಕಾವಲಿನ ಪ್ರೋಗ್ರಾಮಿಗೆ. ಅದನ್ನು ಯಾರೋ ಹಾಕುತ್ತಾರೆ, ಕೆಲಸ ಬಿಟ್ಟು ಹೋಗುತ್ತಾರೆ, ಅದು ಮಾತ್ರ ಕೇಳಿದವರಿಗೆಲ್ಲ ಉತ್ತರ ಕೊಡುತ್ತಾ ಕೂತಿರುತ್ತದೆ. ಜ್ಯಾಬಿಕ್ಸ್ ಏಜೆಂಟಿಗೂ ಎನ್‌ಆರ್‌ಪಿಇಗೂ ಯಾವ ಐಪಿಗೆ ಉತ್ತರ ಕೊಡಬೇಕು ಅಂತ ಫೈಲಿನಲ್ಲಿ ಬರೆಯಬಹುದು. ನೋಡ್ ಎಕ್ಸ್‌ಪೋರ್ಟರ್‌ಗಾದರೆ ಫೈರ್‌ವಾಲಿನಲ್ಲಿ ನಾವೇ ತಡೆ ಹಾಕಬೇಕು. ಆ ಫೈಲುಗಳಿಂದ ಇನ್ನೊಂದು ಉಪಯೋಗವೂ ಆಯಿತು. ಎನ್‌ಆರ್‌ಪಿಇಯ ಪಟ್ಟಿಯಲ್ಲಿ ಹಳೆಯ ನಾಗಿಯೋಸಿನ ಐಪಿ ಇತ್ತು, ಜೊತೆಗೆ ಇನ್ನೊಂದು ಐಪಿಯೂ ಇತ್ತು. ಅದು ಯಾರದು ಅಂತ ಇಡೀ ಆಫೀಸಿನಲ್ಲಿ ಯಾರೂ ಹೇಳಲಿಲ್ಲ. ಅದನ್ನು ತೆಗೆದುಹಾಕಿದೆವು.

ಎಸ್‌ಎನ್‌ಎಂಪಿ ಅಂದರೆ ಸ್ವಿಚ್, ರೌಟರ್‌ನಂಥವು ತಮ್ಮ ಸ್ಥಿತಿ ಹೇಳುವ ಭಾಷೆ; ಅದನ್ನು ಹುಡುಕುವುದು ಇದಕ್ಕಿಂತ ಕಷ್ಟ. ಅದು ಯುಡಿಪಿ (ಸಂಪರ್ಕ ಕುದುರಿಸದೆ ಸುಮ್ನೆ ಕಳಿಸುವ ವಿಧಾನ) 161ರಲ್ಲಿ ಇರುತ್ತದೆ. ಪಾಸ್‌ವರ್ಡಿನಂತೆ ಬಳಸುವ ಸರಿಯಾದ ಕಮ್ಯುನಿಟಿ ಹೆಸರು ಹೇಳದಿದ್ದರೆ ಬಾಯೇ ಬಿಡುವುದಿಲ್ಲ. ತೆರೆದಿದೆಯೋ, ಫೈರ್‌ವಾಲ್ ತಡೆದಿದೆಯೋ ಎನ್‌ಮ್ಯಾಪಿಗೂ ಗೊತ್ತಾಗುವುದಿಲ್ಲ. ಯುಡಿಪಿ ಪೋರ್ಟುಗಳನ್ನೆಲ್ಲ ನೋಡಲು ಹೊರಟರೆ ಒಂದು ಲಿನಕ್ಸ್ ಮಷೀನಿಗೇ 18 ಗಂಟೆ ದಾಟಬಹುದು. ಮುಚ್ಚಿದ ಪೋರ್ಟಿನ ಸುದ್ದಿಯನ್ನು ಲಿನಕ್ಸ್ ಸೆಕೆಂಡಿಗೆ ಒಂದರಂತೆ ಮಾತ್ರ ಹೇಳುತ್ತದೆ. ಹಾಗಾಗಿ 161 ಒಂದನ್ನೇ ಕೇಳಿ. ನಮ್ಮಲ್ಲಿ ಸ್ವಿಚ್‌ಗಳು ‘ಪಬ್ಲಿಕ್’ ಅನ್ನುವ ಹೆಸರಿಗೇ ಉತ್ತರ ಕೊಟ್ಟವು. ಮೊದಲ ಆವೃತ್ತಿಯ ಕಾಲದಿಂದ ಎಲ್ಲರಿಗೂ ಗೊತ್ತಿರುವ ಹೆಸರು ಅದು. ಅದರ ಮೇಲೆ ಅದು ತಂತಿಯಲ್ಲಿ ಹಾಗೇ ಬಯಲಾಗಿ ಹೋಗುತ್ತದೆ. ಪಾಸ್‌ವರ್ಡ್, ಗೂಢಲಿಪಿ ಎರಡೂ ಇರುವ ಮೂರನೇ ಆವೃತ್ತಿ 2002ರಲ್ಲೇ ಪೂರ್ಣ ಸ್ಟ್ಯಾಂಡರ್ಡ್ ಆಯಿತು. ಇನ್ನೂ ಹಳೆಯದನ್ನೇ ಇಟ್ಟುಕೊಂಡಿರುವುದಕ್ಕೆ ನನಗಂತೂ ಯಾವ ಸಬೂಬೂ ಕಾಣುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದನ್ನೆಲ್ಲ ನಿಮ್ಮದೇ ನೆಟ್‌ವರ್ಕಿನಲ್ಲಿ ಮಾಡಿ, ಅದೂ ಬರಹದಲ್ಲಿ ಅನುಮತಿ ತೆಗೆದುಕೊಂಡು. ಒಡೆಯರ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈಹಾಕುವುದು ನಮ್ಮ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಕೆಳಗೆ ಬರುತ್ತದೆ. ಕಲಿಯುವ ಮಕ್ಕಳು ಮನೆಯ ರೌಟರ್ ಮೇಲೆ ಕಲಿಯಲಿ.

ಕೊನೆಗೆ ಹೊಸ ಟೂಲ್ ಕೊಳ್ಳಲೇ ಇಲ್ಲ. ಹಳೆಯ ನಾಗಿಯೋಸ್ ಮುಚ್ಚಿ, ಅದರ ಕೆಲಸವನ್ನೆಲ್ಲ ಪ್ರೊಮೀಥಿಯಸ್‌ಗೆ ಹಾಕಿದೆವು. ಅಲರ್ಟ್‌ಗಳು ಈಗ ಒಬ್ಬರ ಹೆಸರಿಗೆ ಹೋಗುವುದಿಲ್ಲ, ಇಡೀ ತಂಡಕ್ಕೆ ಹೋಗುತ್ತವೆ. ತಿಂಗಳ ಮೊದಲ ಸೋಮವಾರ ಆ ಹುಡುಗನೇ ಸ್ಕ್ಯಾನ್ ಓಡಿಸುತ್ತಾನೆ. ಎನ್‌ಮ್ಯಾಪ್ ಜೊತೆಗೇ ಬರುವ ಎನ್‌ಡಿಫ್‌ನಲ್ಲಿ ಹಿಂದಿನ ತಿಂಗಳಿನದಕ್ಕೆ ಹೋಲಿಸುತ್ತಾನೆ. ಈ ಸಲ ಒಂದೇ ಒಂದು ಸಾಲು ಹೊಸದು. ಟೆಸ್ಟಿಂಗ್ ತಂಡದ ಮಷೀನಿನಲ್ಲಿ 10050. ಹೋಗಿ ಕೇಳಿದ, ಯಾರು ಹಾಕಿದ್ದು ಅಂತ ಬರೆದುಕೊಂಡ, ಅವರ ಹೆಸರನ್ನು ಶೀಟಿಗೆ ಸೇರಿಸಿದ.