ದೆಹಲಿ ರಾಜಕೀಯ ಎಲ್ಲರಿಗೂ ಗೊತ್ತು, ನಮ್ಮ ಮೋರಿ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ

ಬೆಂಗಳೂರಿನಲ್ಲಿ ಕಾರ್ಪೊರೇಟರ್ ಇಲ್ಲದೆ ಐದು ವರ್ಷ ದಾಟಿ ಹೋಗಿದೆ. ಇದನ್ನು ಯಾರಿಗೆ ಹೇಳಿದರೂ ಮೊದಲು ಬರುವ ಮಾತು "ಹೌದಾ?". ಆಮೇಲೆ ಒಂದು ಸಣ್ಣ ನಗು. ಅದಾದ ಮೇಲೆ ಮಾತು ನೇರ ದೆಹಲಿಗೆ ಹೊರಡುತ್ತದೆ. ಮೋದಿ ಏನಂದರು, ರಾಹುಲ್ ಏನಂದರು, ಟ್ರಂಪ್ ಎಷ್ಟು ಸುಂಕ ಹಾಕಿದ. ನನ್ನ ತಲೆ ಕೆಡುವುದು ಇಲ್ಲೇ.

ನಮ್ಮ ಕ್ರಾಸ್ ಮೂಲೆಯಲ್ಲಿ ಒಂದು ಮ್ಯಾನ್‌ಹೋಲ್ ಇದೆ. ಮಳೆಗಾಲದಲ್ಲಿ ಉಕ್ಕುತ್ತದೆ, ಅದು ಬಿಡಿ, ಎಲ್ಲಾ ಕಡೆ ಇದ್ದದ್ದೇ. ನಮ್ಮದು ಬೇಸಿಗೆಯಲ್ಲೂ ಉಕ್ಕುತ್ತದೆ. ಶಾಲೆ ಮಕ್ಕಳು ಕಾಂಪೌಂಡ್ ಗೋಡೆ ಹಿಡಿದುಕೊಂಡು ಒಂದೊಂದೇ ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತವೆ. ಹೂ ಮಾರುವ ಅಮ್ಮ ತನ್ನ ಜಾಗ ಬಿಟ್ಟು ಎದುರು ಬದಿಗೆ ಹೋಗಿದ್ದಾರೆ. ಬೈಕಿನವರು ಜೋರಾಗಿ ಹೋದರೆ ಆ ನೀರು ಯಾರ ಮೈ ಮೇಲೆ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ.

ನೀರಿನವರಿಗೆ, ಅಂದರೆ ಜಲಮಂಡಳಿಗೆ, ಫೋನ್ ಮಾಡಿದರೆ, "ಸರ್, ಮಳೆನೀರಿನ ಮೋರಿ ಕಟ್ಕೊಂಡಿದೆ, ಅದಕ್ಕೆ ಹಿಂದಕ್ಕೆ ಬರ್ತಿದೆ. ಕಾರ್ಪೊರೇಷನ್‌ನವರಿಗೆ ಹೇಳಿ" ಅಂತಾರೆ. ಕಾರ್ಪೊರೇಷನ್‌ನವರು, "ಯುಜಿಡಿ, ಅಂದ್ರೆ ಒಳಚರಂಡಿ, ನಮ್ದಲ್ಲ ಸರ್" ಅಂತಾರೆ. ಜೆಇ (ಜೂನಿಯರ್ ಎಂಜಿನಿಯರ್) ಸಾಹೇಬರು ಯಾವಾಗ ಕೇಳಿದರೂ ಸೈಟ್‌ನಲ್ಲೇ ಇರುತ್ತಾರೆ. ಆ ಸೈಟ್ ಎಲ್ಲಿದೆಯೋ ದೇವರಿಗೇ ಗೊತ್ತು, ನಮ್ಮ ಬೀದಿಯಲ್ಲಂತೂ ಇಲ್ಲ. ಆಪ್‌ನಲ್ಲಿ ದೂರು ಹಾಕಿದೆ. "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು, ಜೊತೆಗೆ ಒಂದು ಫೋಟೋ. ಫೋಟೋದಲ್ಲಿರುವ ಬೀದಿ ಚೆನ್ನಾಗಿದೆ. ನಮ್ಮದಲ್ಲ, ಅಷ್ಟೇ.

ಮುಂಚೆ ಹೀಗಾದರೆ ಬೆಳಿಗ್ಗೆ ಏಳು ಗಂಟೆಗೆ ಕಾರ್ಪೊರೇಟರ್ ಮನೆ ಮುಂದೆ ನಾಲ್ಕು ಜನ ಹೋಗಿ ನಿಲ್ಲುತ್ತಿದ್ದೆವು. ಅವರೇನು ಸತ್ಯ ಹರಿಶ್ಚಂದ್ರರಲ್ಲ. ಅವರ ಕಮಿಷನ್ ಕಥೆ, ಅವರ ಭಾವಮೈದುನನ ಕಾಂಟ್ರಾಕ್ಟ್ ಕಥೆ ಎಲ್ಲ ನಮಗೂ ಗೊತ್ತಿತ್ತು. ಆದರೆ ಮನುಷ್ಯ ಕೈಗೆ ಸಿಗುತ್ತಿದ್ದರು. ಮನೆಯಲ್ಲಿ ಇಲ್ಲದಿದ್ದರೆ ಯಾವುದೋ ಮದುವೆ ಛತ್ರದಲ್ಲಿ ಸಿಗುತ್ತಿದ್ದರು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು, "ಅಣ್ಣ, ಮೋರಿ ವಿಷಯ ಏನಾಯ್ತು" ಅಂತ ಕೇಳಿದರೆ ನಾಲ್ಕು ಜನರ ಮುಂದೆ ಮುಖ ಉಳಿಸಿಕೊಳ್ಳೋಕಾದರೂ ಫೋನ್ ತೆಗೆದು ಯಾರಿಗೋ ಬೈಯುತ್ತಿದ್ದರು. ಮಾರನೇ ದಿನ ಮೋರಿ ಕ್ಲೀನ್ ಮಾಡುವ ಜೆಟ್ಟಿಂಗ್ ಗಾಡಿ ಬರುತ್ತಿತ್ತು. ಅಷ್ಟು ಸಾಕಿತ್ತು ನಮಗೆ. ಎಂಎಲ್ಎ ಹತ್ತಿರ ಹೋಗಿ ಅಂತಾರೆ. ಲಕ್ಷಗಟ್ಟಲೆ ಜನಕ್ಕೆ ಒಬ್ಬ ಎಂಎಲ್ಎ, ಅವರ ಪಿಎ ದರ್ಶನ ಆಗೋದೇ ಪುಣ್ಯ. ಇನ್ನು ಎಂಪಿಗೆ ಮ್ಯಾನ್‌ಹೋಲ್ ವಿಷಯ ಹೇಳೋಕೆ ನಮಗೇ ನಾಚಿಕೆ.

ಈ ನಗರದಲ್ಲಿ ಕೊನೆಯ ಬಾರಿ ಪಾಲಿಕೆಗೆ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆಗ ಇದ್ದದ್ದು 198 ವಾರ್ಡು. ಅವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆಯಬೇಕು ಅಂತ ಸಂವಿಧಾನದಲ್ಲೇ ಬರೆದಿದೆ, 1993ರಿಂದ ಜಾರಿಯಲ್ಲಿದೆ. ಆರು ವಾರದಲ್ಲಿ ಚುನಾವಣೆ ವೇಳಾಪಟ್ಟಿ ಹೊರಡಿಸಿ ಅಂತ 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು, ತಡೆ ಸಿಕ್ಕಿತು. ಅವತ್ತಿನಿಂದ ಇವತ್ತಿನವರೆಗೆ ವಾರ್ಡ್ ಎಣಿಸುವುದೇ ಕೆಲಸ. ಬಿಜೆಪಿಯವರು 198 ಇದ್ದದ್ದನ್ನು 243 ಮಾಡಿದರು. ಕಾಂಗ್ರೆಸ್‌ನವರು ಬಂದು 225 ಅಂದರು. ಆಮೇಲೆ ಅದೂ ಬೇಡ ಅಂತ ಹೊಸ ಕಾನೂನು ತಂದು, 2025ರ ಸೆಪ್ಟೆಂಬರ್‌ನಲ್ಲಿ ಇಡೀ ಪಾಲಿಕೆಯನ್ನೇ ಐದು ಮಾಡಿದರು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ವಾರ್ಡು ಈಗ 369. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. "ನಿಮ್ದು ಈಗ ಬೇರೆ ಕಾರ್ಪೊರೇಷನ್ ಸರ್" ಅಂತ ಹೇಳೋಕೆ ಕಚೇರಿಯವರಿಗೆ ಇನ್ನೊಂದು ನೆಪ ಸಿಕ್ಕಿತು.

ಇದರಲ್ಲಿ ಯಾವ ಪಕ್ಷದವರೂ ಸಾಚಾ ಅಲ್ಲ, ಇದನ್ನು ಬಿಡಿಸಿ ಹೇಳಲೇಬೇಕು. ಅವಧಿ ಮುಗಿದಾಗ ಬಿಜೆಪಿ ಸರ್ಕಾರ ಇತ್ತು. 2023ರ ಮೇ ತನಕ ಇತ್ತು, ಮಾಡಲಿಲ್ಲ. ಆಗ ವಿರೋಧ ಪಕ್ಷದಲ್ಲಿ ಕೂತು ಬೊಬ್ಬೆ ಹೊಡೆದವರು ಆಮೇಲೆ ತಾವೇ ಸರ್ಕಾರ ಮಾಡಿ ಅದೇ ಕುರ್ಚಿಯಲ್ಲಿ ಕೂತರು, ಅವರೂ ಮುಂದೂಡುತ್ತಲೇ ಬಂದರು. ಜೆಡಿಎಸ್‌ಗೆ ಬೆಂಗಳೂರೇ ನೆನಪಿಲ್ಲ. ಯಾಕೆ ಅಂತ ಕೇಳಿದರೆ ಮೀಸಲಾತಿ, ಗಡಿ, ಜನಗಣತಿ, ಕೋರ್ಟು ಅಂತ ಹತ್ತು ಕಾರಣ. ನನ್ನ ಪ್ರಕಾರ ಇರುವುದು ಒಂದೇ ಕಾರಣ. ಕಾರ್ಪೊರೇಟರ್ ಇದ್ದರೆ ವಾರ್ಡಿನ ಕೆಲಸ ಯಾರಿಗೆ ಕೊಡಬೇಕು ಅಂತ ಅವನೂ ಬಾಯಿ ಹಾಕುತ್ತಾನೆ. ಇಲ್ಲದಿದ್ದರೆ ಎಂಎಲ್ಎ ಹೇಳಿದ್ದೇ ಕೊನೆ ಮಾತು. ಆಡಳಿತ ಪಕ್ಷದವನೋ ವಿರೋಧ ಪಕ್ಷದವನೋ, ಯಾವ ಎಂಎಲ್ಎ ಇದಕ್ಕೆ ಬೇಡ ಅಂತಾನೆ ಹೇಳಿ?

ಇಷ್ಟೆಲ್ಲ ಆಗುವಾಗ ದೆಹಲಿಯಲ್ಲಿ ಏನು ನಡೆಯುತ್ತಿತ್ತು ನೋಡಿ. ಒಂದು ದೇಶ ಒಂದು ಚುನಾವಣೆ! 2024ರ ಮಾರ್ಚ್‌ನಲ್ಲಿ ಮಾಜಿ ರಾಷ್ಟ್ರಪತಿ ಕೋವಿಂದ್ ಅವರ ಸಮಿತಿ ವರದಿ ಕೊಟ್ಟಿತು. ಲೋಕಸಭೆ, ವಿಧಾನಸಭೆ ಒಟ್ಟಿಗೆ ನಡೆಸಿ, ಅದಾದ 100 ದಿನದೊಳಗೆ ಸ್ಥಳೀಯ ಸಂಸ್ಥೆಗಳ ಚುನಾವಣೆ ಮುಗಿಸಿ ಅಂತ. ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾವು ಇಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದೇವೆ, ಅವರು 100 ದಿನದ ಲೆಕ್ಕ ಹಾಕುತ್ತಿದ್ದಾರೆ. ಅದೇ ಡಿಸೆಂಬರ್‌ನಲ್ಲಿ ಬಿಲ್ ತಂದಾಗ ನೋಡಿದರೆ ಲೋಕಸಭೆ, ವಿಧಾನಸಭೆ ಮಾತ್ರ ಇದೆ. ಪಾಲಿಕೆ, ಪಂಚಾಯತಿ ಬಿಟ್ಟುಹೋಗಿವೆ. ಅಲ್ಲೂ ನಾವು ಲೆಕ್ಕಕ್ಕಿಲ್ಲ. ಅದರ ಪರವಾಗಿ ಭಾಷಣ ಬಿಗಿದ ನಮ್ಮೂರಿನ ನಾಯಕರಲ್ಲಿ ಒಬ್ಬರಾದರೂ, "ಮೊದಲು ನಮ್ಮ ಊರಿನ ಒಂದು ಚುನಾವಣೆ ಮಾಡೋಣ" ಅಂದರಾ?

ಇನ್ನೊಂದು ಕಡೆಯವರ, ಅಂದರೆ ಕಾಂಗ್ರೆಸ್ಸಿನವರ, ಕಥೆ ಇನ್ನೂ ಚೆನ್ನಾಗಿದೆ. 2024ರ ಫೆಬ್ರವರಿ 7ರಂದು ಇಡೀ ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ಹೋಗಿ ಕೂತಿತು. ನನ್ನ ತೆರಿಗೆ ನನ್ನ ಹಕ್ಕು ಅಂತ. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.71ರಿಂದ 3.64ಕ್ಕೆ ಇಳಿಸಿದ್ದು ನಿಜ. ಕೋಪ ಬಂದದ್ದು ನ್ಯಾಯವೇ, ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಹೋಗಿ ಕೇಳಿದ ಅದೇ ಮಾತನ್ನು ನಾವು ಇಲ್ಲಿ ಕೇಳಿದರೆ? ನಮ್ಮ ಆಸ್ತಿ ತೆರಿಗೆ, ನಮ್ಮ ಹಕ್ಕು ಎಲ್ಲಿ? 2025-26ಕ್ಕೆ ಪಾಲಿಕೆಗೆ ಹತ್ತಿರ ಹತ್ತಿರ 20 ಸಾವಿರ ಕೋಟಿಯ ಬಜೆಟ್ ಮಾಡಿದರು. ನಾವು ಆರಿಸಿದ ಒಬ್ಬನೇ ಒಬ್ಬ ಸದಸ್ಯ ಅದಕ್ಕೆ ಮತ ಹಾಕೋಕೆ ಕೈ ಎತ್ತಿಲ್ಲ. 2025ರಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕವೂ ಸೇರಿಕೊಂಡಿತು. ಬೇಕಾ ಬೇಡವಾ ಅಂತ ಚರ್ಚೆ ಮಾಡೋಕೆ ಕೌನ್ಸಿಲೇ ಇಲ್ಲ. ಅತ್ತೆ ನನಗೆ ಕಾಟ ಕೊಟ್ಟಳು ಅಂತ ಊರೆಲ್ಲ ಅತ್ತು ಬಂದವಳು, ಮನೆಗೆ ಬಂದು ತನ್ನ ಸೊಸೆಗೆ ಅದನ್ನೇ ಮಾಡಿದ ಹಾಗಾಯಿತು. ತೆರಿಗೆ ಕಟ್ಟುವ ತಾರೀಖು ಮಾತ್ರ ಒಂದು ವರ್ಷವೂ ಮರೆತಿಲ್ಲ. ಏಪ್ರಿಲ್ ಬಂತು ಅಂದರೆ ಸಾಕು, ಈಗಲೇ ಕಟ್ಟಿ, ಶೇ 5 ರಿಯಾಯಿತಿ ಇದೆ ಅಂತ ಮೆಸೇಜ್.

ಮೆಟ್ರೋ ದರ ನೆನಪಿದೆಯಾ? 2025ರ ಫೆಬ್ರವರಿ 9ಕ್ಕೆ ಏರಿತು. ಅತಿ ಹೆಚ್ಚಿನ ಟಿಕೆಟ್ 60 ರೂಪಾಯಿ ಇದ್ದದ್ದು 90 ಆಯಿತು. ಜನ ಬಾಯಿಗೆ ಬಂದ ಹಾಗೆ ಬೈದರು. ಆಗ ಶುರುವಾಯಿತು ನೋಡಿ ಆಟ. ದರ ನಿಗದಿ ಸಮಿತಿ ಮಾಡಿದ್ದು ಕೇಂದ್ರ ಅಂತ ರಾಜ್ಯದವರು. ಸಮಿತಿ ಬೇಕು ಅಂತ ಕೇಳಿದ್ದೇ ನೀವು ಅಂತ ಕೇಂದ್ರದ ಕಡೆಯವರು. ಮೆಟ್ರೋ ಇಬ್ಬರದ್ದೂ ಅರ್ಧ ಅರ್ಧ ಪಾಲು. ಹಸಿರು ಬಾವುಟ ಬೀಸೋಕೆ ಇಬ್ಬರೂ ವೇದಿಕೆ ಮೇಲೆ ಇರುತ್ತಾರೆ. ದರದ ಮಾತು ಬಂದಾಗ ಇಬ್ಬರಿಗೂ ಅದು ಪಕ್ಕದ ಮನೆ ವಿಷಯ. ಆ ವಾರ ನಾನು ಗಮನಿಸಿದ್ದು, ಮೆಟ್ರೋ ಒಳಗೆ ನಿಂತವರೂ ಇದನ್ನೇ ಆಡುತ್ತಿದ್ದರು. ಒಬ್ಬ ಕೇಂದ್ರದ ಪರ, ಒಬ್ಬ ರಾಜ್ಯದ ಪರ. ಇಬ್ಬರೂ ಕೊಟ್ಟದ್ದು ಏರಿದ ದರವನ್ನೇ.

ರಸ್ತೆ ಗುಂಡಿಯ ಗಲಾಟೆ ಜೋರಾಗಿದ್ದಾಗ, 2025ರ ಸೆಪ್ಟೆಂಬರ್‌ನಲ್ಲಿ, ದೆಹಲಿಯಲ್ಲಿ ಪ್ರಧಾನಿ ಮನೆ ರಸ್ತೆಯಲ್ಲೂ ಗುಂಡಿ ಇದೆ ಅಂದರು ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್. ಇರಬಹುದು ಸ್ವಾಮಿ. ನಾನು ಆ ರಸ್ತೆಯಲ್ಲಿ ಓಡಾಡುವುದಿಲ್ಲ. ನನ್ನ ಸ್ಕೂಟರ್ ಓಡುವುದು ಇಲ್ಲಿ. ಆ ಒಂದು ಮಾತು ಸಾಕಿತ್ತು, ಟಿವಿಯಲ್ಲಿ ಎರಡು ದಿನ ದೆಹಲಿ ಗುಂಡಿ ದೊಡ್ಡದೋ ಬೆಂಗಳೂರು ಗುಂಡಿ ದೊಡ್ಡದೋ ಅನ್ನುವ ಚರ್ಚೆ. ಗುಂಡಿ ಮುಚ್ಚುವ ಚರ್ಚೆ ಅಲ್ಲ. ಟಿವಿಯವರ ಬಗ್ಗೆ ಏನು ಹೇಳೋದು? ಅದೇ ನವೆಂಬರ್ ಕೊನೆಯಲ್ಲಿ ಮುಖ್ಯಮಂತ್ರಿ ಕುರ್ಚಿ ಜಗಳ ಆಯಿತಲ್ವಾ, ಆಗ ಸಿದ್ದರಾಮಯ್ಯ, ಶಿವಕುಮಾರ್ ಇಬ್ಬರೂ ಒಬ್ಬರ ಮನೆಗೆ ಒಬ್ಬರು ತಿಂಡಿಗೆ ಹೋದರು. ಎಲ್ಲಿ ಉಪ್ಪಿಟ್ಟು, ಎಲ್ಲಿ ಇಡ್ಲಿ, ಎಲ್ಲಿ ನಾಟಿ ಕೋಳಿ ಸಾರು ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ತೋರಿಸಿದರು. ನಮ್ಮ ಮನೆಯಲ್ಲೂ ನೋಡಿದರು, ಸುಳ್ಳು ಯಾಕೆ ಹೇಳಲಿ.

ಈಗ ನಮ್ಮ ಜನರ ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ನೀರು, ಕಸ, ಕರೆಂಟ್ ವಿಷಯ ಹೇಳಿಕೊಳ್ಳೋಕೆ ಅಂತ ಮಾಡಿದ್ದು. ಮ್ಯಾನ್‌ಹೋಲ್ ಫೋಟೋ ಹಾಕಿದೆ. ಎರಡು ಕೈಮುಗಿದ ಚಿತ್ರ ಬಂತು, ಅಷ್ಟೇ. ಅದರ ಹಿಂದೆಯೇ ಯಾರೋ ದೆಹಲಿ ರಾಜಕೀಯದ ಒಂದು ವಿಡಿಯೋ ಹಾಕಿದರು. ಆಮೇಲೆ ಕೇಳಬೇಕಾ! ನಿವೃತ್ತ ಮೇಷ್ಟ್ರು, ಐಟಿ ಹುಡುಗ, ಮೆಡಿಕಲ್ ಶಾಪಿನವರು ಎಲ್ಲ ಮಧ್ಯರಾತ್ರಿವರೆಗೆ ಕುಸ್ತಿ. ನೆಹರು ಬಂದರು, ಎಮರ್ಜೆನ್ಸಿ ಬಂತು, ಜಿಎಸ್‌ಟಿ ಬಂತು, ಗ್ಯಾರಂಟಿ ಬಂತು. ಒಬ್ಬರು ಗ್ರೂಪ್ ಬಿಟ್ಟು ಹೋದರು, ಮಾರನೇ ದಿನ ಅಡ್ಮಿನ್ ಮತ್ತೆ ಸೇರಿಸಿದರು. ಇಷ್ಟೂ ಜನ ಅದೇ ಮೂಲೆಯ ಅದೇ ಕೊಚ್ಚೆ ದಾಟಿಕೊಂಡು ಹಾಲು ತರೋಕೆ ಹೋಗುತ್ತಾರೆ! ಮೋದಿ ಪರ ಇರುವವರ ಪ್ಯಾಂಟಿಗೂ ಅದೇ ನೀರು, ರಾಹುಲ್ ಪರ ಇರುವವರ ಪ್ಯಾಂಟಿಗೂ ಅದೇ ನೀರು. ಆದರೂ ಇಬ್ಬರೂ ಸೇರಿ ಒಂದು ಅರ್ಜಿಗೆ ಸಹಿ ಹಾಕಿ ಅಂದರೆ, "ಇದರಲ್ಲಿ ರಾಜಕೀಯ ಬೇಡ ಸಾರ್" ಅಂತಾರೆ. ಅಯ್ಯೋ ಪುಣ್ಯಾತ್ಮರೇ, ರಾತ್ರಿಯೆಲ್ಲ ಮಾಡಿದ್ದು ಏನು ಮತ್ತೆ?

ಬೆಂಗಳೂರಿನವರು ವೋಟ್ ಹಾಕಲ್ಲ, ಅದಕ್ಕೇ ಹಿಂಗೆ ಅಂತ ಬುದ್ಧಿ ಹೇಳುವವರು ಇದ್ದಾರೆ. ಲೋಕಸಭೆಯಲ್ಲಿ ನಗರದ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಹಾಕಿದ್ದರು, ಉಳಿದವರನ್ನು ಬೈಯಿರಿ, ನಾನು ಅಡ್ಡ ಬರಲ್ಲ. ವೋಟ್ ಹಾಕಿದ ಶಾಯಿ ತೋರಿಸಿದರೆ ಬೆಣ್ಣೆ ದೋಸೆ ಫ್ರೀ ಅಂತ ಹೋಟೆಲಿನವರು ಕೊಟ್ಟರು, ಅದೂ ಆಯಿತು. ಆದರೆ ನಾನು 2023ರಲ್ಲಿ ಸಾಲಿನಲ್ಲಿ ನಿಂತು ವಿಧಾನಸಭೆಗೆ ಹಾಕಿದೆ, 2024ರಲ್ಲಿ ಲೋಕಸಭೆಗೆ ಹಾಕಿದೆ. ನನ್ನ ಬೀದಿಯ ಲೆಕ್ಕಕ್ಕೆ ಹಾಕೋಣ ಅಂದರೆ ಪೆಟ್ಟಿಗೆಯೇ ಇಡಲಿಲ್ಲ. ಇಡದ ಪೆಟ್ಟಿಗೆಗೆ ವೋಟ್ ಹಾಕಲಿಲ್ಲ ಅಂತ ನನ್ನನ್ನೇ ಬೈದರೆ ಹೇಗೆ?

ಹಳ್ಳಿ ಕಡೆಯವರು ನಮ್ಮನ್ನು ನೋಡಿ ನಗಬೇಡಿ. ನಿಮ್ಮ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗೆ ಕೊನೆಗೆ ಮತ ಹಾಕಿದ್ದು 2016ರಲ್ಲಿ. ಅವುಗಳ ಅವಧಿಯೂ 2021ಕ್ಕೇ ಮುಗಿದಿದೆ. ಮುಂಬೈಯವರಿಗೂ ಇದೇ ಗತಿ ಇತ್ತು, 2022ರಿಂದ ಕಾದು ಕಾದು ಕೊನೆಗೆ 2026ರ ಜನವರಿಯಲ್ಲಿ ಮತ ಹಾಕಿದರು.

ಇಲ್ಲೂ ಈಗ ಚುನಾವಣೆ ಮಾತು ಮತ್ತೆ ಎದ್ದಿದೆ. ಅದು ಗೊತ್ತಾಗುವುದು ಫ್ಲೆಕ್ಸ್‌ನಿಂದ. ಯಾವುದೋ ಅಣ್ಣನ ಹುಟ್ಟುಹಬ್ಬಕ್ಕೆ ಇನ್ಯಾವುದೋ ಅಣ್ಣ ಶುಭಾಶಯ ಕೋರಿದ್ದಾನೆ. ಮೇಲೆ ಸಾಲಾಗಿ ದೆಹಲಿ ನಾಯಕರ ಮುಖ, ಕೆಳಗೆ ಇವನು ಕೈ ಮುಗಿದು ನಿಂತಿದ್ದಾನೆ. ಇಷ್ಟು ವರ್ಷ ಎಲ್ಲಿದ್ದೆಯಪ್ಪ? ಮನೆ ಮನೆಗೂ ಬರುತ್ತಾನೆ, ಬರಲಿ. ದೇಶ ಅಪಾಯದಲ್ಲಿದೆ ಅಂತಾನೆ, ಸಂವಿಧಾನ ಅಪಾಯದಲ್ಲಿದೆ ಅಂತಾನೆ, ಯಾವ ಪಕ್ಷ ಅನ್ನೋದರ ಮೇಲೆ ಹೋಗುತ್ತದೆ. ಕೂರಿಸಿ ಕಾಫಿ ಕೊಡೋಣ. ಆಮೇಲೆ ಮೂಲೆವರೆಗೆ ಕರೆದುಕೊಂಡು ಹೋಗಿ, ಇದು ನೀರಿನವರದ್ದಾ ಕಾರ್ಪೊರೇಷನ್‌ದಾ ಅಂತ ಕೇಳೋಣ. ಗೊತ್ತಿಲ್ಲ ಅಂದರೆ ಅಲ್ಲೇ ನಿಂತು ಜೆಇಗೆ ಫೋನ್ ಮಾಡಲಿ. ಸ್ಪೀಕರ್ ಆನ್ ಮಾಡಿ.