ಫಿಸಿಕಲ್‌ಗೆ ಇಪ್ಪತ್ತೇ ದಿನ ಇದೆ ಸರ್

ಮೊನ್ನೆ ಬೆಳಿಗ್ಗೆ ಗ್ರೌಂಡಿಗೆ ಒಬ್ಬ ಹುಡುಗ ಬಂದ. ಪೊಲೀಸ್ ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾನೆ. ಉಳಿದಿರುವುದು ಫಿಸಿಕಲ್, ಅಂದರೆ ದೈಹಿಕ ಪರೀಕ್ಷೆ. "ಫಿಸಿಕಲ್‌ಗೆ ಇಪ್ಪತ್ತೇ ದಿನ ಇದೆ ಸರ್, ಹೇಗಾದ್ರೂ ರೆಡಿ ಮಾಡಿ" ಅಂದ. ಎರಡು ವರ್ಷ ಲೈಬ್ರರಿಯಲ್ಲಿ ಕೂತು ಓದಿದವನು ಒಂದು ದಿನವೂ ಓಡಿಲ್ಲ. ಹಿಂದಿನ ದಿನ ಗಾಬರಿಗೆ ಬಿದ್ದು ಡಾಂಬರ್ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿದ್ದ. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯುದ್ದಕ್ಕೂ ನೋವು. ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದ.

ನನಗೆ ನಿಜವಾಗಿಯೂ ಸಂಕಟವಾಯಿತು. ಉಸಿರಿನ ತಾಕತ್ತು ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ಆದರೆ ಮೂಳೆ, ಕೀಲು ಗಟ್ಟಿಯಾಗಲು ತಿಂಗಳುಗಳೇ ಬೇಕು. ಕೊನೆಗಳಿಗೆಯ ತಯಾರಿಯಲ್ಲಿ ಕಾಲು ಕೈಕೊಡುವುದು ಇದಕ್ಕೇ.

ನಮ್ಮ ರಾಜ್ಯದಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಅಂದರೆ ಸುತ್ತಿಗೆ ಸುಮಾರು 97 ಸೆಕೆಂಡು. ಇದು ಬರೀ ಪಾಸ್ ಆಗುವ ಪರೀಕ್ಷೆ, ಬೇಗ ಓಡಿದರೆ ಜಾಸ್ತಿ ಅಂಕ ಇಲ್ಲ. ಆದರೂ ಹುಡುಗರು ಶಿಳ್ಳೆ ಊದಿದ ಕೂಡಲೇ ಹುಚ್ಚು ಹಿಡಿದಂತೆ ಓಡುತ್ತಾರೆ. ಮೊದಲ ಸುತ್ತು 75 ಸೆಕೆಂಡಿಗೇ ಮುಗಿಯುತ್ತದೆ, ಮೂರನೇ ಸುತ್ತಿಗೆ ಕಾಲು ಕಲ್ಲಾಗುತ್ತದೆ. ಗಡಿಯಾರ ನೋಡಿಕೊಂಡು ಒಂದೇ ಹದದಲ್ಲಿ ಓಡುವುದನ್ನೇ ಕಲಿಯಬೇಕು. ಗುಂಡು ಎಸೆತವೂ ಹಾಗೇ. 7.26 ಕಿಲೋ ಗುಂಡು 5.60 ಮೀಟರ್ ದಾಟಬೇಕು. ಎಲ್ಲರೂ ತೋಳಿನಿಂದ ತಳ್ಳುತ್ತಾರೆ. ಬಲ ಬರಬೇಕಾದ್ದು ತೊಡೆ, ಸೊಂಟದಿಂದ.

2024ರಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಗೆ ಹುಡುಗರನ್ನು ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡಿಸಿದ್ದರು. ಆಗಸ್ಟ್ ತಿಂಗಳ ಸೆಕೆ. ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತುಹೋದರು. ಆಮೇಲೆ ಅಲ್ಲಿನ ಸರ್ಕಾರ ನಿಯಮ ಬದಲಿಸಿತು. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅವರಲ್ಲಿ ಎಷ್ಟು ಜನ ಇಪ್ಪತ್ತು ದಿನದ ತಯಾರಿಯಲ್ಲಿ ಬಂದಿದ್ದರೋ.

ಅದಕ್ಕೇ ಕೈ ಮುಗಿದು ಕೇಳುತ್ತೇನೆ. ಓದಲು ಪುಸ್ತಕ ತಂದ ವಾರವೇ ಓಟವನ್ನೂ ಶುರು ಮಾಡಿ. ಮೊದಲ ತಿಂಗಳು ಒಂದಿಷ್ಟು ನಡಿಗೆ, ಒಂದಿಷ್ಟು ಓಟ ಸಾಕು. ಮಣ್ಣಿನ ನೆಲ ಹುಡುಕಿ. ವಾರಕ್ಕೆ ಎರಡು ದಿನ ಕಾಲಿಗೆ ರಜೆ ಕೊಡಿ. ನೋವಿನ ಮಾತ್ರೆ ನುಂಗಿ ಟ್ರ್ಯಾಕಿಗೆ ಇಳಿಯಬೇಡಿ. "ಸ್ಟ್ಯಾಮಿನಾ ಬರುತ್ತೆ" ಅಂತ ಯಾರಾದರೂ ಇಂಜೆಕ್ಷನ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಹೆಣ್ಣುಮಕ್ಕಳ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಅವರಿಗೆ 400 ಮೀಟರ್, 2 ನಿಮಿಷ. ತಪ್ಪದೆ ಅಭ್ಯಾಸ ಮಾಡಿದರೆ ಕಷ್ಟವೇನಲ್ಲ. ಆದರೆ ಓಡುವುದು ಎಲ್ಲಿ? ಬೆಳಗಿನ ಐದಕ್ಕೆ ಹಳ್ಳಿ ರಸ್ತೆ ಕತ್ತಲು. ಬೆಳಕಾದ ಮೇಲೆ ಮನೆ ಕೆಲಸ, ನೋಡುವ ಜನ. ನಮ್ಮ ಗ್ರೌಂಡಿಗೆ ಬರುವ ಒಬ್ಬ ಹುಡುಗಿಯನ್ನು ಅವಳ ಅಪ್ಪ ದಿನಾ ಬೈಕಿನಲ್ಲಿ ಕರೆತರುತ್ತಾರೆ. ಟ್ರ್ಯಾಕಿನ ಒಂದು ಮೂಲೆಯ ದೀಪ ಕೆಟ್ಟು ಬಹಳ ದಿನವಾಯಿತು. ಅವಳು ಓಡಿ ಮುಗಿಸುವವರೆಗೂ ಅಪ್ಪ ಹೆಡ್‌ಲೈಟ್ ಹಾಕಿಕೊಂಡು ಅಲ್ಲೇ ನಿಂತಿರುತ್ತಾರೆ.